ಸೌಟು ನಮ್ಮ ಕೈಯಲ್ಲಿದೆ

ಮದುವೆ ಅಂದರೆ ಬೇರೆಯವರಿಗೆ ಓಲಗ, ಅಕ್ಷತೆ, ಮಲ್ಲಿಗೆ ಹೂವು ನೆನಪಾಗಬಹುದು. ನನಗೆ ನೆನಪಾಗೋದು ಅಡುಗೆಮನೆ ಬಾಗಿಲಲ್ಲಿ ನಿಂತು "ಒಂದು ಮಾತು ಹೇಳ್ಲಾ?" ಅನ್ನುವ ನೆಂಟರು. ಆ ಒಂದು ಮಾತು ಹೇಳದೆ ಊಟ ಮಾಡಿ ಹೋದ ನೆಂಟರನ್ನು ನಾನಂತೂ ಇನ್ನೂ ಕಂಡಿಲ್ಲ. ಒಗ್ಗರಣೆ ಮುಖಕ್ಕೆ ಸಿಡಿದರೆ ಸಹಿಸಬಹುದು, ಈ ಮಾತು ಸಹಿಸೋದು ಕಷ್ಟ. ಮೊದಮೊದಲು ಸಹಿಸುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ. ಆರೋಗ್ಯ ಸುಧಾರಿಸಿತು.

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ನಾನು, ನನ್ನ ನಾದಿನಿ ಸೇರಿ ಮದುವೆ, ಮುಂಜಿ, ನಾಮಕರಣಗಳಿಗೆ ಊಟ ಮಾಡಿಕೊಡುತ್ತೇವೆ. ಶುರು ಮಾಡಿದ್ದು ಮನೆಯಲ್ಲೇ ಸಾರಿನ ಪುಡಿ, ಹಪ್ಪಳಗಳಿಂದ. ಈಗ ಮಾವಳ್ಳಿ ಕಡೆಯ ಹೆಂಗಸರು ಒಂದಷ್ಟು ಜನ ಜೊತೆಗಿದ್ದಾರೆ. ಬಡಿಸೋದಕ್ಕೆ ಗಂಡಸರೂ ಇದ್ದಾರೆ. ಆದರೆ ಒಲೆ ಮುಂದೆ ನಾವೇ. ಈ ಒಂದು ವಿಷಯ ಜನಕ್ಕೆ ಅರ್ಥ ಆಗೋದಕ್ಕೆ ಇಷ್ಟು ವರ್ಷ ಸಾಕಾಗಿಲ್ಲ, ಅದಕ್ಕೇ ಇಂಥ ಪ್ರಸಂಗಗಳು ನಿಂತೂ ಇಲ್ಲ.

ಭಟ್ಟರು ಎಲ್ಲಿ?

ಆಗಿನ್ನೂ ಶುರುವಿನ ದಿನಗಳು. ಮಲ್ಲೇಶ್ವರದಿಂದ ಗಂಡ ಹೆಂಡತಿ ಬಂದರು, ಮಗಳ ಮದುವೆ ಊಟ ಮಾತಾಡೋದಕ್ಕೆ. ಕೂತರು. ಕಾಫಿ ಕುಡಿದರು. ಟ್ರಾಫಿಕ್ ಬಗ್ಗೆ ಮಾತಾಡಿದರು. ಸೆಖೆ ಬಗ್ಗೆ ಮಾತಾಡಿದರು. ನಾನು ಊಟದ ಮಾತು ಎತ್ತಿದಾಗಲೆಲ್ಲ "ಹೂಂ ಹೂಂ, ಮಾತಾಡೋಣ" ಅಂತ ಒಳಬಾಗಿಲ ಕಡೆ ನೋಡುತ್ತಿದ್ದರು. ಕಡೆಗೆ ತಡೆಯಲಾರದೆ ಅವರೇ ಕೇಳಿದರು.

"ಭಟ್ಟರು ಯಾವಾಗ ಬರ್ತಾರೆ?"

"ಯಾವ ಭಟ್ಟರು?"

"ಅದೇ, ಅಡುಗೆಯವರು."

"ನಾನೇ ಅಡುಗೆಯವಳು."

ಇಬ್ಬರೂ ನಕ್ಕರು. "ಅಲ್ಲಮ್ಮ, ಮೇನ್ ಅಡುಗೆಯವರು."

ಅಷ್ಟರಲ್ಲಿ ನಮ್ಮ ಯಜಮಾನರು ಒಳಗಿಂದ ಬಂದರು. ಅವರು ಬ್ಯಾಂಕಿನಲ್ಲಿದ್ದವರು. ಆಗತಾನೇ ಸ್ನಾನ ಮುಗಿಸಿದ್ದರು. ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್, ಮುಂದೆ ಹೊಟ್ಟೆ. ಬಂದಿದ್ದ ಗಂಡ ಹೆಂಡತಿ ದಡಕ್ಕನೆ ಎದ್ದು ನಿಂತು ಕೈ ಮುಗಿದರು. ಆ ಹೊಟ್ಟೆ ನೋಡಿಯೇ ಅವರಿಗೆ ಅಡುಗೆ ಮೇಲೆ ನಂಬಿಕೆ ಬಂದಿತ್ತು.

"ಸರ್, ನಿಮ್ಮ ಬಿಸಿಬೇಳೆಬಾತ್ ಬಗ್ಗೆ ತುಂಬಾ ಕೇಳಿದೀವಿ. ಅದು ಹೇಗೆ ಮಾಡ್ತೀರಿ ಸರ್?"

ಯಜಮಾನರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. "ಹೇಳಿ, ಅಷ್ಟು ದೂರದಿಂದ ಬಂದು ಕೇಳ್ತಿದಾರೆ" ಅಂದೆ.

ಅವರು ಗಂಟಲು ಸರಿಮಾಡಿಕೊಂಡರು. "ಬಿಸಿಬೇಳೆಬಾತಾ? ಅದು ತಟ್ಟೇಲಿ ಬರುತ್ತೆ. ಮೇಲೆ ತುಪ್ಪ ಇರುತ್ತೆ, ಪಕ್ಕದಲ್ಲಿ ಬೂಂದಿ ಇರುತ್ತೆ. ಅಲ್ಲಿಂದ ಮುಂದಿನದು ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಹಿಂದಿನದೆಲ್ಲ ಇವಳ ಡಿಪಾರ್ಟ್‌ಮೆಂಟು."

ರುಚಿ ನೋಡಿದವರು

ಊಟ ಒಪ್ಪಿಸುವ ಮುಂಚೆ ರುಚಿ ನೋಡಬೇಕು ಅನ್ನೋದು ಈಗಿನ ಪದ್ಧತಿ. ಟೇಸ್ಟಿಂಗ್ ಅಂತಾರೆ. ತಪ್ಪೇನಿಲ್ಲ, ನಾನೂ ಸೀರೆ ಮುಟ್ಟಿ ನೋಡದೆ ಕೊಳ್ಳೋದಿಲ್ಲ. ಆದರೆ ಮುಟ್ಟಿ ನೋಡೋದು ಬೇರೆ, ಉಟ್ಟುಕೊಂಡು ಮನೆಗೆ ಹೋಗೋದು ಬೇರೆ.

ಬಸವನಗುಡಿಯಿಂದ ಒಂದು ಸಂಸಾರ ಬಂತು. ಅಪ್ಪ, ಅಮ್ಮ, ಮದುವೆಯಾಗುವ ಮಗ. ಭಾನುವಾರ ಮಧ್ಯಾಹ್ನ, ಸರಿಯಾಗಿ ಊಟದ ಹೊತ್ತಿಗೆ. ಕೋಸಂಬರಿಯಿಂದ ಮೊಸರನ್ನದವರೆಗೆ ರುಚಿ ನೋಡಿದರು. ಎಲ್ಲಾ ಎರಡೆರಡು ಸಲ ನೋಡಿದರು. "ತುಂಬಾ ಚೆನ್ನಾಗಿದೆ. ಆದರೆ ನಮ್ಮ ಅಣ್ಣ ಒಂದ್ಸಲ ನೋಡಿಬಿಟ್ಟರೆ ನಮಗೆ ಸಮಾಧಾನ" ಅಂದರು ಅಪ್ಪ.

ಮುಂದಿನ ಭಾನುವಾರ ಅಣ್ಣ ಬಂದರು, ಹೆಂಡತಿ ಮಕ್ಕಳ ಸಮೇತ. ಹುಡುಗನ ಅಪ್ಪ ಅಮ್ಮನೂ ಬಂದರು, ಅಣ್ಣನಿಗೆ ದಾರಿ ತೋರಿಸೋದಕ್ಕೆ. ಉಂಡರು. ಅಣ್ಣ ಕೈ ತೊಳೆದು ಬಂದು, "ಎಲ್ಲಾ ಫಸ್ಟ್ ಕ್ಲಾಸ್. ಆದರೆ ಹುಳಿ ವಿಷಯದಲ್ಲಿ ನನಗಿಂತ ನಮ್ಮ ಭಾವನಿಗೆ ಚೆನ್ನಾಗಿ ಗೊತ್ತಾಗುತ್ತೆ" ಅಂದರು.

ಅದರ ಮುಂದಿನ ಭಾನುವಾರ ಭಾವ. ಅವರ ಜೊತೆ ಇನ್ನೂ ಇಬ್ಬರು ಹೊಸಬರು. ನನ್ನ ನಾದಿನಿ ಕೇಳಿದಳು, "ಇವರು ಏನಾಗಬೇಕು?"

"ನಮ್ಮ ಪಕ್ಕದ ಮನೆಯವರು."

"ಅವರು ಯಾಕೆ?"

"ನೋಡಿ, ನಾವೆಲ್ಲ ಮನೆಯವರು. ನ್ಯೂಟ್ರಲ್ ಒಪೀನಿಯನ್ ಒಂದು ಬೇಕಲ್ವಾ?"

ಪಕ್ಕದ ಮನೆಯವರು ಎರಡು ಸಲ ಪಾಯಸ ಹಾಕಿಸಿಕೊಂಡು ನ್ಯೂಟ್ರಲ್ ಆಗಿಯೇ ಎದ್ದರು. "ಹೇಳಿ ಕಳಿಸ್ತೀವಿ" ಅಂತ ಎಲ್ಲರೂ ಹೊರಟರು.

ಅದರ ಮುಂದಿನ ಭಾನುವಾರ ಅವರು ಬರೋದಕ್ಕೆ ಮುಂಚೆ ನಾವು ಹೊರಟೆವು. ನಾನು, ನಾದಿನಿ, ನಮ್ಮ ಅಡುಗೆಯ ಹೆಂಗಸರೆಲ್ಲ ಎರಡು ಆಟೋ ಮಾಡಿಕೊಂಡು ಬಸವನಗುಡಿಯ ಅವರ ಮನೆ ಮುಂದೆ ಇಳಿದೆವು. ಮಧ್ಯಾಹ್ನ, ಸರಿಯಾಗಿ ಊಟದ ಹೊತ್ತು. ಬಾಗಿಲು ತೆಗೆದ ಹುಡುಗನ ಅಮ್ಮ ಹಾಗೇ ನಿಂತರು.

"ಏನಿಲ್ಲ ಅಮ್ಮ" ಅಂದೆ, "ನಿಮ್ಮ ಮನೆ ಹದ ಯಾವುದು ಅಂತ ನಮಗೂ ಗೊತ್ತಾಗಬೇಕಲ್ಲ. ಒಂದ್ಸಲ ರುಚಿ ನೋಡಿಕೊಂಡು ಹೋಗೋಣ ಅಂತ ಬಂದ್ವಿ."

ಪಾಪ, ಆಯಮ್ಮ ಒಳ್ಳೆಯವರು. ಬೇಡ ಅನ್ನಲಾರದೆ ಒಳಗೆ ಕರೆದು ಎಲ್ಲರಿಗೂ ಉಪ್ಪಿಟ್ಟು ಮಾಡಿದರು. ಸಾಲಾಗಿ ಕೂತು ತಿಂದೆವು. ನಾದಿನಿ ಎರಡನೇ ಸಲ ಹಾಕಿಸಿಕೊಂಡಳು. ತಟ್ಟೆ ಕೆಳಗಿಟ್ಟು ನಾನು ಕೇಳಿದೆ, "ಅಂದ ಹಾಗೆ, ಮುಹೂರ್ತ ಯಾವಾಗ ಇಟ್ಟುಕೊಂಡಿದೀರಿ?"

ಆಯಮ್ಮ ಸೆರಗಿನ ಅಂಚು ತಿರುವುತ್ತಾ ಹೇಳಿದರು, "ಇಲ್ಲ, ಹುಡುಗಿ ಇನ್ನೂ ನೋಡ್ತಾ ಇದೀವಿ."

ಯಾರ ಕಡೆಯವರು?

ಬಸವನಗುಡಿ, ಚಾಮರಾಜಪೇಟೆ ಸುತ್ತಮುತ್ತ ಯಾವ ಛತ್ರದಲ್ಲಿ ಊಟ ಇದ್ದರೂ ಒಬ್ಬರು ಹಿರಿಯರು ಬರುತ್ತಾರೆ. ಜರಿ ಪಂಚೆ, ಇಸ್ತ್ರಿ ಮಾಡಿದ ಶಲ್ಯ, ಹಣೆಗೆ ಕುಂಕುಮ. ಯಾರಿಗೂ ನೆಂಟರಲ್ಲ. ಮನಸಾರೆ ಅಕ್ಷತೆ ಹಾಕುತ್ತಾರೆ, ಫೋಟೋದವನಿಂದ ತಪ್ಪಿಸಿಕೊಳ್ಳುತ್ತಾರೆ, ಮೊದಲ ಪಂಕ್ತಿಗೆ ಕೂರುತ್ತಾರೆ. ಹೋಗುವಾಗ ಅಡುಗೆಮನೆಗೆ ಬಂದು ನನಗೆ ವರದಿ ಒಪ್ಪಿಸುತ್ತಾರೆ. "ಇವತ್ತು ಕೋಸಂಬರಿ ಎ ಒನ್. ಪಲ್ಯಕ್ಕೆ ಕಾಯಿ ಹಾಕುವಾಗ ಯಾಕೋ ಕೈ ಹಿಡಿದ್ರಿ." ಒಂದು ಸಲವೂ ಅವರ ಮಾತು ಸುಳ್ಳಾಗಿಲ್ಲ.

ಒಂದು ಮದುವೆಯಲ್ಲಿ ಹುಡುಗನ ಸೋದರಮಾವ ಅವರನ್ನು ಹಿಡಿದುಬಿಟ್ಟರು. ಅವರು ಪಾಯಸದ ಮಧ್ಯದಲ್ಲಿದ್ದರು.

"ತಾವು ಯಾರ ಕಡೆಯವರು? ನಮ್ಮ ಕಡೆಯಂತೂ ಅಲ್ಲ."

ಹುಡುಗಿಯ ಅಪ್ಪನೂ ಬಂದು ನೋಡಿ, ನಮ್ಮವರೂ ಅಲ್ಲ ಅಂದರು. ಅಕ್ಕಪಕ್ಕದ ಎಲೆಯವರೆಲ್ಲ ತಿನ್ನೋದು ನಿಲ್ಲಿಸಿದರು. ಹಿರಿಯರು ಎಲೆಯ ಮೇಲಿದ್ದ ಪಾಯಸವನ್ನು ಪೂರ್ತಿ ಬಳಿದು, ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಹೇಳಿದರು, "ಅಡುಗೆಯವರ ಕಡೆ."

ನನ್ನನ್ನು ಕರೆಸಿದರು. ಹಿರಿಯರು ನನ್ನ ಮುಖ ನೋಡಲಿಲ್ಲ, ಎಲೆಯನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. ಒಂದು ಎಲೆ ಊಟಕ್ಕೆ ಆ ವಯಸ್ಸಿನವರನ್ನು ಹಾಗೆ ನಾಲ್ಕು ಜನರ ಮಧ್ಯೆ ನಿಲ್ಲಿಸಬೇಕಿತ್ತಾ ಅಂತ ನನಗೆ ಸಿಟ್ಟು ಬಂತು.

"ಹೌದು, ನಮ್ಮವರೇ" ಅಂದೆ. "ಎಬ್ಬಿಸೋದಾದರೆ ಈಗಲೇ ಹೇಳಿ. ಅಡುಗೆಯವರ ಕಡೆಯವರೆಲ್ಲ ಒಟ್ಟಿಗೇ ಎದ್ದು ಹೋಗ್ತೀವಿ. ಇನ್ನೂ ಎರಡು ಪಂಕ್ತಿ ಬಾಕಿ ಇದೆ."

ಮಾವ "ಅಯ್ಯೋ, ಸುಮ್ಮನೆ ಕೇಳಿದೆ ಅಷ್ಟೇ" ಅಂತ ಹೊರಟುಹೋದರು.

ಊಟ ಮುಗಿಸಿ ಹಿರಿಯರು ಅಡುಗೆಮನೆಗೆ ಬಂದರು. ಕಣ್ಣು ಒದ್ದೆಯಾಗಿತ್ತು. ಏನೋ ದೊಡ್ಡ ಮಾತು ಹೇಳುತ್ತಾರೆ ಅಂದುಕೊಂಡೆ. ಹತ್ತಿರ ಬಂದು ದನಿ ತಗ್ಗಿಸಿ, "ಪಾಯಸಕ್ಕೆ ಏಲಕ್ಕಿ ಜಾಸ್ತಿ ಆಗಿತ್ತಮ್ಮ" ಅಂದರು. "ಬೇರೆಯವರಾಗಿದ್ದರೆ ಹೇಳ್ತಿರಲಿಲ್ಲ. ನಮ್ಮವರು ಅಂತ ಹೇಳ್ತಿದೀನಿ."

ಒಲೆ ಆರಿಸಿ

ನನ್ನ ನಾದಿನಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಬಂದ ಹೊಸತರಲ್ಲಿ ಮೂಲೆ ಹಿಡಿದು ಕೂತಿದ್ದಳು. ಹಪ್ಪಳ ಒತ್ತುತ್ತಾ ಒತ್ತುತ್ತಾ ಮೂಲೆಯಿಂದ ಎದ್ದು ಬಂದಳು. ಈಗ ನಮ್ಮ ಊಟಕ್ಕೆ ಹೆಸರು ಅಂತ ಏನಾದರೂ ಇದ್ದರೆ ಅದು ಅವಳು ತಟ್ಟುವ ಹೋಳಿಗೆಯಿಂದ. ಎತ್ತಿ ಹಿಡಿದರೆ ಆಚೆ ನಿಂತವರ ಮುಖ ಕಾಣಬೇಕು, ಅಷ್ಟು ತೆಳು.

ನಮ್ಮದೇ ಚಾಮರಾಜಪೇಟೆಯ ಒಂದು ಛತ್ರ. ಮುಹೂರ್ತಕ್ಕೆ ಇನ್ನೇನು ಹೆಚ್ಚು ಹೊತ್ತಿರಲಿಲ್ಲ. ಹುಡುಗಿಯ ಸೋದರತ್ತೆ ಅಡುಗೆಮನೆಗೆ ಬಂದರು. ಹೋಳಿಗೆ ತಟ್ಟುತ್ತಿದ್ದ ನಾದಿನಿಯ ಹತ್ತಿರ ನಿಂತು ಅದೂ ಇದೂ ಮಾತಾಡಿ, "ನಿಮ್ಮ ಯಜಮಾನರು ಏನ್ಮಾಡ್ತಾರೆ?" ಅಂತ ಕೇಳಿದರು. "ಹೋಗಿ ಬಹಳ ವರ್ಷ ಆಯ್ತು" ಅಂದಳು ಇವಳು, ತಟ್ಟುವುದನ್ನು ನಿಲ್ಲಿಸದೆ.

ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. ಕರೆದದ್ದು ಪಕ್ಕಕ್ಕೆ, ಹೇಳಿದ್ದು ಇಡೀ ಅಡುಗೆಮನೆಗೆ ಕೇಳುವ ಹಾಗೆ. "ತಪ್ಪು ತಿಳ್ಕೋಬೇಡಿ. ಮದುವೆ ಹೋಳಿಗೆ. ಮುತ್ತೈದೆ ಕೈಲಿ ಆದರೆ ಒಳ್ಳೇದಲ್ವಾ? ಅವರು ಬೇಕಾದರೆ ತರಕಾರಿ ಹೆಚ್ಚಲಿ."

ನಾದಿನಿ ಕೈ ಒರೆಸಿಕೊಂಡು ಎದ್ದು ಹೋಗಿ ಗೋಡೆ ಪಕ್ಕದ ಅಕ್ಕಿ ಮೂಟೆ ಮೇಲೆ ಕೂತಳು. ಹಿಂದೆ ಮೂಲೆಯಲ್ಲಿ ಹೇಗೆ ಕೂರುತ್ತಿದ್ದಳೋ ಹಾಗೇ, ಮೊಣಕಾಲು ಮಡಚಿಕೊಂಡು. ಅದನ್ನು ನೋಡಿ ನನಗೆ ಒಳಗೆ ಏನೋ ಹೊತ್ತಿಕೊಂಡಿತು. ಈ ಮದುವೆ ಊಟ ಕೆಟ್ಟರೆ ಈ ಪೇಟೆಯಲ್ಲಿ ಮತ್ತೆ ಯಾರೂ ನಮ್ಮನ್ನು ಕರೆಯೋದಿಲ್ಲ ಅಂತ ಗೊತ್ತಿತ್ತು. ಕರೆಯದಿದ್ದರೆ ಬೇಡ.

"ಒಲೆ ಆರಿಸಿ" ಅಂದೆ.

ನಮ್ಮ ಹೆಂಗಸರು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಎಲ್ಲಾ ಒಲೆ ಆರಿತು. ಅಷ್ಟು ಹೊತ್ತು ಭರ್ರೋ ಅನ್ನುತ್ತಿದ್ದ ಅಡುಗೆಮನೆಯಲ್ಲಿ ಓಲಗದ ಸದ್ದು ಸ್ಪಷ್ಟವಾಗಿ ಕೇಳಿಸತೊಡಗಿತು.

ಅತ್ತೆ ಗಾಬರಿಯಾದರು. "ಏನಮ್ಮ ಇದು? ನಾನು ಹೇಳಿದ್ದು ಹೋಳಿಗೆ ಒಂದಕ್ಕೆ!"

"ಹೋಳಿಗೆ ಒಂದಕ್ಕೇ ಹೇಗಾಗುತ್ತೆ? ಸಾರಿನ ಪುಡಿ ಅವಳದೇ. ಹುಳಿ ಪುಡಿ ಅವಳದೇ. ಗೊಜ್ಜು ಅವಳೇ ಕುದಿಸಿದ್ದು. ಬೆಳಗ್ಗೆ ನೀವು ಎರಡು ಲೋಟ ಕುಡಿದ್ರಲ್ಲ, ಆ ಕಾಫಿಗೆ ಡಿಕಾಕ್ಷನ್ ಹಾಕಿದ್ದೂ ಅವಳೇ."

"ಹಾಗಾದರೆ ಜನಕ್ಕೆ ಏನು ಬಡಿಸ್ತೀರಿ?"

"ಮಜ್ಜಿಗೆ ಇದೆ" ಅಂದೆ.

ಮೂಟೆ ಕಡೆಯಿಂದ ದನಿ ಬಂತು. "ಅತ್ತಿಗೆ, ಹೆಪ್ಪು ಹಾಕಿದ್ದೂ ನಾನೇ."

ಯಾರೋ ಹೋಗಿ ಹೇಳಿರಬೇಕು, ಅಷ್ಟರಲ್ಲಿ ಮದುವಣಗಿತ್ತಿಯೇ ಬಂದಳು. ಅರ್ಧ ಜಡೆ ಹೆಣೆದಿತ್ತು, ಅರ್ಧ ಬಿಚ್ಚಿತ್ತು. ಅತ್ತೆಯನ್ನು ದಾಟಿಕೊಂಡು ನೇರವಾಗಿ ಮೂಟೆ ಹತ್ತಿರ ಹೋದಳು. "ಅಕ್ಕ, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಒಂದು ಹೋಳಿಗೆ ಕೊಡಿ. ನಿಮ್ಮ ಕೈಯಲ್ಲೇ ಕೊಡಿ."

ನಾದಿನಿ ನನ್ನ ಕಡೆ ನೋಡಿದಳು. ಆಮೇಲೆ ಎದ್ದು, ಆಗಲೇ ಬೇಯಿಸಿಟ್ಟಿದ್ದ ಒಂದು ಹೋಳಿಗೆ ತೆಗೆದು, ತುಪ್ಪ ಸವರಿ, ಮುರಿದು ಹುಡುಗಿಯ ಬಾಯಿಗೆ ಇಟ್ಟಳು.

"ಲೇ!" ಅತ್ತೆ ಕಿರುಚಿದರು. "ಧಾರೆ ಆಗೋವರೆಗೂ ಏನೂ ತಿನ್ನಬಾರದು ಕಣೇ!"

ಹುಡುಗಿ ನುಂಗಿ ಬಾಯಿ ಒರೆಸಿಕೊಂಡಳು. "ತಿಂದಾಯ್ತಲ್ಲ ಅತ್ತೆ. ಈಗ ಮದುವೆ ನಿಲ್ಲಿಸ್ತೀರಾ, ಒಲೆ ಹಚ್ಚಿಸ್ತೀರಾ?"

ಒಲೆ ಹಚ್ಚಿದೆವು. ಊಟದ ಹೊತ್ತಿಗೆ ಅತ್ತೆಯ ಎಲೆಗೆ ಹೋಳಿಗೆ ಬಡಿಸಲು ನಾದಿನಿ ಬೇಕೂ ಅಂತ ತಾನೇ ಹೋದಳು. ಅತ್ತೆ ತಲೆ ಎತ್ತಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಎಲೆ ನೋಡಿಕೊಂಡೇ ಮೆಲ್ಲಗೆ, "ತುಪ್ಪ ಇನ್ನೊಂಚೂರು" ಅಂದರು.

ಸಾರಿನ ಬಣ್ಣ

ಈಗೀಗ ಮದುವೆಗಳಲ್ಲಿ ಥೀಮ್ ಅಂತ ಒಂದು ಇರುತ್ತೆ. ಅದನ್ನು ನೋಡಿಕೊಳ್ಳೋದಕ್ಕೆ ಕಿವಿಗೆ ವೈರ್ ಸಿಕ್ಕಿಸಿಕೊಂಡ ಒಂದು ಹುಡುಗಿ ಇರುತ್ತಾಳೆ. ಆ ಹುಡುಗಿ ಬಂದು ನನ್ನ ಸಾರಿನ ಕೊಳಗ ಬಗ್ಗಿ ನೋಡಿದಳು.

"ಮೇಡಂ, ನಮ್ಮ ಥೀಮ್ ಪೇಸ್ಟಲ್. ಅಂದ್ರೆ ಎಲ್ಲಾ ತೆಳು ಬಣ್ಣ. ಈ ರಸಂ ತುಂಬಾ ಕೆಂಪಿದೆ, ಫೋಟೋದಲ್ಲಿ ಕಣ್ಣಿಗೆ ಹೊಡೆಯುತ್ತೆ. ಸ್ವಲ್ಪ ಪೀಚ್ ಶೇಡಿಗೆ ತರಬಹುದಾ?"

"ಆ ಬಣ್ಣದ ಸಾರನ್ನ ನಮ್ಮಲ್ಲಿ ಆಸ್ಪತ್ರೆಗೆ ಕಳಿಸ್ತೀವಮ್ಮ, ಮದುವೆಗಲ್ಲ."

"ಬಾಳೆ ಎಲೆ ಕೂಡ ಡಾರ್ಕ್ ಆಯ್ತು."

"ಅದನ್ನ ನನಗಲ್ಲ, ಬಾಳೆಗಿಡಕ್ಕೆ ಹೇಳಬೇಕು."

"ಅಟ್‌ಲೀಸ್ಟ್ ಆ ಉಪ್ಪಿನಕಾಯಿನಾದರೂ ಫ್ರೇಮಿಂದ ಆಚೆ ಸರಿಸಿ ಮೇಡಂ."

"ನಮ್ಮ ಅಜ್ಜಿ ಕಾಲದಿಂದ ಉಪ್ಪಿನಕಾಯಿ ಅಲ್ಲೇ ಕೂತಿದೆ. ನೀನು ಫ್ರೇಮ್ ಸರಿಸು."

ಹುಡುಗಿ ನಿಟ್ಟುಸಿರು ಬಿಟ್ಟು ಹೋದಳು. ಎಲ್ಲರ ಊಟ ಮುಗಿದ ಮೇಲೆ ನೋಡಿದರೆ ಒಂದು ಕುರ್ಚಿ ಮೇಲೆ ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಾ ಕೂತಿದ್ದಳು. ಬೆಳಗ್ಗೆಯಿಂದ ಊಟ ತಿಂಡಿ ಏನೂ ಇಲ್ಲ. ಎಳೆದುಕೊಂಡು ಬಂದು ಎಲೆ ಹಾಕಿ ಕೂರಿಸಿದೆ. ಅನ್ನಕ್ಕೆ ಸಾರು ಹಾಕಿಕೊಂಡಳು. ಲೋಟಕ್ಕೆ ಸಾರು ಹಾಕಿಸಿಕೊಂಡು ಕುಡಿದಳು. ಆ ಭರದಲ್ಲಿ ಕೆನೆ ಬಣ್ಣದ ಕುರ್ತಾ ಮೇಲೆ ಧಾರಾಳವಾಗಿ ಚೆಲ್ಲಿಕೊಂಡಳು.

"ಅಯ್ಯೋ, ನಿನ್ನ ಥೀಮ್ ಹಾಳಾಯ್ತಲ್ಲಮ್ಮ" ಅಂದೆ.

ಅವಳು ಕುರ್ತಾ ನೋಡಿಕೊಂಡಳು, ಲೋಟ ನೋಡಿದಳು. "ಪರವಾಗಿಲ್ಲ ಮೇಡಂ, ಇನ್ನೊಂದು ಲೋಟ ಹಾಕಿ. ಥೀಮ್ ಚೇಂಜ್ ಮಾಡಿಬಿಡೋಣ."

ಮರ್ಯಾದೆ ಜಹಂಗೀರು

ಬೀಗರ ಊಟ ಅಂದರೆ ಗಂಡಿನ ಕಡೆಯವರು ತಪ್ಪು ಹುಡುಕಲೇಬೇಕು ಅಂತ ಯಾರು ಹೇಳಿಕೊಟ್ಟರೋ. ಮಲ್ಲೇಶ್ವರದ ಒಂದು ಮದುವೆಯಲ್ಲಿ ಬಡಿಸುವವನು ಜಹಂಗೀರಿನ ತಟ್ಟೆ ಹಿಡಿದು ಸಾಲಿನ ಆ ತುದಿಯಿಂದ ಶುರು ಮಾಡುವ ಬದಲು ಈ ತುದಿಯಿಂದ ಶುರು ಮಾಡಿದ. ಈ ತುದಿಯಲ್ಲಿ ಹೆಣ್ಣಿನ ಕಡೆಯವರಿದ್ದರು. ಅಷ್ಟೇ ಸಾಕಾಯ್ತು.

ಹುಡುಗನ ಚಿಕ್ಕಪ್ಪ ಎಲೆ ದೂಡಿ ಎದ್ದು ನಿಂತರು. "ಮೊದಲು ಅವರಿಗೆ ಬಡಿಸಿ ಆಮೇಲೆ ನಮಗಾ? ನಾವು ಊಟ ಮಾಡಲ್ಲ. ಏಳ್ರೋ ಎಲ್ಲಾ!"

ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಎದ್ದರು. ಎದ್ದರೇ ಹೊರತು ಯಾರ ಕಣ್ಣೂ ಎಲೆ ಬಿಟ್ಟು ಏಳಲಿಲ್ಲ. ಹುಡುಗಿಯ ಅಪ್ಪ ಓಡಿ ಬಂದರು. ಮುಖ ಬಿಳುಚಿಕೊಂಡಿತ್ತು. ಮೊದಲ ಮಗಳ ಮದುವೆ. ಎರಡೂ ಕೈ ಜೋಡಿಸಿ, "ತಪ್ಪಾಯ್ತು, ದಯವಿಟ್ಟು ಕೂತ್ಕೊಳಿ" ಅಂತ ಬಗ್ಗುತ್ತಿದ್ದರು. ಇನ್ನೊಂದು ಚೂರು ಬಗ್ಗಿದ್ದರೆ ಕಾಲು ಮುಟ್ಟುತ್ತಿದ್ದರು.

ನಾನು ಜಹಂಗೀರಿನ ದೊಡ್ಡ ತಟ್ಟೆಯನ್ನೇ ಎತ್ತಿಕೊಂಡು ಆಚೆ ಬಂದೆ. "ಏನಂತೆ?"

"ಇದು ಮರ್ಯಾದೆ ಪ್ರಶ್ನೆ" ಅಂದರು ಚಿಕ್ಕಪ್ಪ.

"ಖಂಡಿತ. ಗಂಡಿನ ಕಡೆಯವರಿಗೆ ಮರ್ಯಾದೆಗೆ ಅಂತ ಒಂದೊಂದು ಜಹಂಗೀರು ಜಾಸ್ತಿ, ನಾನೇ ಬಡಿಸ್ತೀನಿ. ಆದರೆ ನನಗೆ ಯಾರು ಯಾವ ಕಡೆ ಅಂತ ಗೊತ್ತಾಗಲ್ಲ. ಗಂಡಿನ ಕಡೆಯವರೆಲ್ಲ ಕೂತ್ಕೊಂಡು ಕೈ ಎತ್ತಿ."

ಎದ್ದವರೆಲ್ಲ ತಟ್ಟನೆ ಕೂತರು. ಕೈಗಳು ಮೇಲೆದ್ದವು. ಆ ಸಾಲಿನಲ್ಲಿ ಎದ್ದವು, ಈ ಸಾಲಿನಲ್ಲೂ ಎದ್ದವು. ಹುಡುಗಿಯ ಸೋದರಮಾವ ಎತ್ತಿದರು. ಹುಡುಗಿಯ ಅಜ್ಜಿ ಎತ್ತಿದರು. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಟ್ಟು ಎತ್ತಿದ. ಹಾಲ್‌ನಲ್ಲಿ ಎತ್ತದ ಕೈ ಒಂದೂ ಇರಲಿಲ್ಲ, ಹುಡುಗಿಯ ಅಪ್ಪನದು ಬಿಟ್ಟು. ಅವರು ಆಗಲೂ ಎರಡು ಕೈ ಜೋಡಿಸಿಕೊಂಡೇ ನಿಂತಿದ್ದರು. ಸುತ್ತ ಒಮ್ಮೆ ನೋಡಿದರು. ನಿಧಾನವಾಗಿ ಜೋಡಿಸಿದ ಕೈ ಬಿಡಿಸಿ, ಒಂದನ್ನು ಮೇಲಕ್ಕೆತ್ತಿದರು.

ಅಜ್ಜಿಯ ಆಶೀರ್ವಾದ

ಇದು ಹೋದ ತಿಂಗಳಿನ ಮಾತು. ಗಾಂಧಿ ಬಜಾರ್ ಹತ್ತಿರದ ಒಬ್ಬರು ಅಜ್ಜಿಗೆ ಎಂಬತ್ತು ತುಂಬಿತು. ಮಗ ಹೃದಯದ ಡಾಕ್ಟರು. ಅವರೇ ಫೋನ್ ಮಾಡಿ ಹೇಳಿದರು: ನವಣೆಯ ಬಿಸಿಬೇಳೆಬಾತ್, ಎಣ್ಣೆ ಇಲ್ಲದ ಪಲ್ಯ, ಮೊಳಕೆ ಕಾಳು, ಸಕ್ಕರೆ ಇಲ್ಲದ ಖರ್ಜೂರದ ಉಂಡೆ. "ಕರಿದದ್ದು ಒಂದೂ ಇರಬಾರದು. ಅಮ್ಮನ ಆರೋಗ್ಯ ನನಗೆ ಮುಖ್ಯ." ಆಯ್ತು ಅಂದೆ. ತರಗುಪೇಟೆಯಿಂದ ನವಣೆ ತರಿಸಿದೆ.

ಮಾರನೇ ದಿನ ಬೆಳಗ್ಗೆ ಒಂದು ಫೋನ್. ತಗ್ಗಿಸಿದ ದನಿ. "ನಾನು ಹುಟ್ಟಿದ ಹಬ್ಬದವಳು ಮಾತಾಡ್ತಿರೋದು. ನನ್ನ ಮಗ ಏನೇನು ಹೇಳಿದಾನೆ?"

ಹೇಳಿದೆ.

"ನನಗೆ ಕಾಯಿಲೆ ಅಂತ ಯಾರು ಹೇಳಿದ್ದು? ಬಿಪಿ ಇರೋದು ಅವನಿಗೆ. ನನಗೆ ಏನೂ ಇಲ್ಲ ಅಂತ ಹೋದ ವಾರ ಅವನೇ ಟೆಸ್ಟ್ ಮಾಡಿಸಿದಾನೆ. ನೋಡಮ್ಮ, ನನಗೆ ಆಂಬೊಡೆ ಬೇಕು. ಬದನೆಕಾಯಿ ಎಣ್ಣೆಗಾಯಿ, ಎಣ್ಣೆ ಮೇಲೆ ತೇಲಬೇಕು. ಆಮೇಲೆ ಚಿರೋಟಿ, ಬಾದಾಮಿ ಹಾಲು ಹಾಕಿ."

"ನಿಮ್ಮ ಮಗ ಬೈದರೆ?"

"ಯಾರ ಹುಟ್ಟಿದ ಹಬ್ಬಕ್ಕೆ ಅಂತ ಅವನು ನಿಮಗೆ ಹೇಳಿದ್ದು?"

"ನಿಮ್ಮದಕ್ಕೆ."

"ಮತ್ತೆ?"

ನಾನು ಫೋನ್ ಇಟ್ಟು ನಾದಿನಿಗೆ ಹೇಳಿದೆ, "ಎರಡು ಅಡುಗೆ. ಒಂದು ಮಗನಿಗೆ, ಒಂದು ಅಮ್ಮನಿಗೆ."

ಆ ಹಾಲ್‌ನಲ್ಲಿ ಅಡುಗೆಮನೆಗೆ ಅಂಟಿಕೊಂಡ ಹಾಗೆ ಒಂದು ದೊಡ್ಡ ಕೋಣೆ. ಅಜ್ಜಿ ಬಂದವರೇ, "ನನಗೆ ಆಯಾಸ ಕಣೋ. ನಾನು ಒಳಗೆ ಕೂತಿರ್ತೀನಿ, ಬಂದವರು ಒಬ್ಬೊಬ್ಬರಾಗಿ ಬಂದು ಆಶೀರ್ವಾದ ತಗೊಳ್ಳಲಿ" ಅಂದರು. ಡಾಕ್ಟರಿಗೆ ಸಂತೋಷ. "ಒಳ್ಳೇ ಐಡಿಯಾ ಅಮ್ಮ, ನೂಕುನುಗ್ಗಲು ಇರಲ್ಲ."

ಜನ ಬಂದರು. ಹಾಲ್‌ನಲ್ಲಿ ಒಂದೊಂದು ಪಾತ್ರೆ ಮುಂದೆಯೂ ಎಷ್ಟು ಕ್ಯಾಲೊರಿ ಅಂತ ಬೋರ್ಡ್ ಇಟ್ಟಿದ್ದರು. ಜನ ಬೋರ್ಡ್ ಓದಿದರು, ಮೊಳಕೆ ಕಾಳನ್ನು ನೋಡಿದರು, ಮುಂದೆ ಸರಿದರು. ಅಷ್ಟರಲ್ಲಿ ಒಬ್ಬರು ಆಶೀರ್ವಾದ ಪಡೆದು ತುಟಿ ಒರೆಸಿಕೊಳ್ಳುತ್ತಾ ಆಚೆ ಬಂದು ಹೆಂಡತಿ ಕಿವಿಯಲ್ಲಿ ಏನೋ ಹೇಳಿದರು. ಹೆಂಡತಿಗೆ ತಾನಿನ್ನೂ ಆಶೀರ್ವಾದ ತಗೊಂಡಿಲ್ಲ ಅನ್ನೋದು ತಟ್ಟನೆ ನೆನಪಾಯ್ತು. ಆಮೇಲೆ ನೋಡಬೇಕು, ಇಡೀ ಹಾಲ್‌ಗೆ ಹಿರಿಯರ ಮೇಲೆ ಭಕ್ತಿ ಉಕ್ಕಿಬಿಟ್ಟಿತು. ಕೆಲವರು ಎರಡೆರಡು ಸಲ ಆಶೀರ್ವಾದ ತಗೊಂಡರು. ಅಜ್ಜಿಯ ಸ್ವಂತ ಅಣ್ಣ, "ನನಗಿಂತ ಚಿಕ್ಕವಳು. ಆದರೂ ಇರಲಿ" ಅಂತ ಕೋಲು ಊರಿಕೊಂಡು ಒಳಗೆ ಹೋದರು. ಹೋದವರು ಬರಲೇ ಇಲ್ಲ.

ಕಡೆಗೆ ನವಣೆ ಬಿಸಿಬೇಳೆಬಾತಿನ ಮುಂದೆ ಡಾಕ್ಟರು ಒಬ್ಬರೇ ಉಳಿದರು.

"ಎಲ್ಲಾ ಎಲ್ಲಿ ಹೋದ್ರು?" ಅಂತ ನನ್ನನ್ನು ಕೇಳಿದರು.

"ಆಶೀರ್ವಾದಕ್ಕೆ, ಸಾರ್."

"ಇಷ್ಟು ಹೊತ್ತಾ?"

"ಬಾಣಲೆಯಿಂದ ಬಿಸಿಬಿಸಿ ಬರಬೇಕಲ್ಲ, ಸಾರ್" ಅಂದುಬಿಟ್ಟೆ.

ಡಾಕ್ಟರು ನನ್ನನ್ನೇ ಒಂದು ಕ್ಷಣ ನೋಡಿ, ನೇರ ಹೋಗಿ ಕೋಣೆಯ ಬಾಗಿಲು ತಳ್ಳಿದರು. ನೆಲದ ಮೇಲೆ ಸಾಲು ಸಾಲು ಎಲೆ. ನೆಂಟರೆಲ್ಲ ಅಲ್ಲೇ. ಮಧ್ಯೆ ಕುರ್ಚಿಯಲ್ಲಿ ಅಜ್ಜಿ, ಕೈಯಲ್ಲಿ ಆಂಬೊಡೆ. ಪಕ್ಕದಲ್ಲಿ ಡಾಕ್ಟರ ಹೆಂಡತಿ, ಎಣ್ಣೆಗಾಯಿ ಸಮೇತ. ಬಾಗಿಲ ಹತ್ತಿರ ಡಾಕ್ಟರ ಆಸ್ಪತ್ರೆಯ ಇನ್ನೊಬ್ಬ ಹೃದಯದ ಡಾಕ್ಟರು, ಚಿರೋಟಿಯನ್ನು ಬೆನ್ನ ಹಿಂದೆ ಬಚ್ಚಿಡಲು ಹೋಗಿ ಪುಡಿ ಮಾಡಿಕೊಂಡರು.

"ಅಮ್ಮಾ! ಏನಿದು?"

"ಆಶೀರ್ವಾದ" ಅಂದರು ಅಜ್ಜಿ.

"ಇದರಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಗೊತ್ತಾ?"

"ಇದನ್ನೇ ತಿಂದು ನನಗೆ ಎಂಬತ್ತಾಯ್ತು. ನಿನ್ನ ಆ ಕಾಳು ತಿಂದು ಎಂಬತ್ತಾದವರು ಯಾರಾದರೂ ಇದ್ದರೆ ಕರ್ಕೊಂಡು ಬಾ, ನಾನೂ ತಿಂತೀನಿ."

ಏನೋ ಹೇಳಲು ಡಾಕ್ಟರು ಬಾಯಿ ತೆಗೆದರು. ತೆಗೆದ ಬಾಯಿಗೆ ಅಜ್ಜಿ ಆಂಬೊಡೆ ಇಟ್ಟುಬಿಟ್ಟರು. ಬಿಸಿ ಆಂಬೊಡೆ, ಉಗುಳೋ ಹಾಗಿಲ್ಲ, ಅಮ್ಮ ಇಟ್ಟಿದ್ದು ಬೇರೆ. ಡಾಕ್ಟರು ಅಗಿದರು. ಕುರುಂ ಅಂತ ಸದ್ದು ಇಡೀ ಕೋಣೆಗೆ ಕೇಳಿಸಿತು. ಅಗಿಯುತ್ತಾ ಅಗಿಯುತ್ತಾ ಅವರ ಹುಬ್ಬಿನ ಗಂಟು ಸಡಿಲವಾಯ್ತು. ಕಣ್ಣು ಅರ್ಧ ಮುಚ್ಚಿತು. ಹೆಂಡತಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನಾದಿನಿ ಎಲೆ ಹಾಕಿಯೇಬಿಟ್ಟಳು. ಪ್ಯಾಂಟ್ ಮೇಲಕ್ಕೆಳೆದುಕೊಂಡು ಡಾಕ್ಟರು ನೆಲದ ಮೇಲೆ ಕೂತರು.

ಎಲ್ಲಾ ಮುಗಿದು ಪಾತ್ರೆ ತೆಗೆಯುವಾಗ ನೋಡಿದೆ, ನವಣೆ ಬಿಸಿಬೇಳೆಬಾತಿಗೆ ಸೌಟೇ ಬಿದ್ದಿರಲಿಲ್ಲ. ಅಜ್ಜಿ ಹತ್ತಿರ ಹೋಗಿ ಕೇಳಿದೆ, "ಇದನ್ನೇನು ಮಾಡಲಿ? ಯಾರಿಗಾದರೂ ಕಟ್ಟಿಕೊಡಲಾ?"

ಅಜ್ಜಿ ಮಗನ ಕಡೆ ನೋಡಿದರು. ಡಾಕ್ಟರು ಎಲೆ ಮೇಲೆ ಉಳಿದಿದ್ದ ಬಾದಾಮಿ ಹಾಲನ್ನು ಬೆರಳಲ್ಲಿ ಬಳಿಯುತ್ತಿದ್ದರು.

"ಎಲ್ಲಾ ಅವನಿಗೇ ಕಟ್ಟಿಕೊಡಮ್ಮ" ಅಂದರು ಅಜ್ಜಿ. "ನಾಳೆಯಿಂದ ಪಥ್ಯ ಮಾಡಲಿ. ನಾನು ಎಣಿಸ್ತಾನೇ ಇದೀನಿ, ಹುಟ್ಟಿದ ಹಬ್ಬ ನನ್ನದು, ಚಿರೋಟಿ ನನಗಿಂತ ಒಂದು ಜಾಸ್ತಿ ತಿಂದಿದಾನೆ."